ಎರಡನೆಯ ಗೆರೆ

ಉಡುಪಿಯ ನಮ್ಮ ಚಿತ್ರಕೂಟಕ್ಕೆ ಮೂವತ್ತೊಂದು ಮಂದಿ ಸದಸ್ಯರು. ಚಿತ್ರ ನೋಡಲು ಬರುವವರು ಹನ್ನೆರಡು ಮಂದಿ, ಚಿತ್ರ ಮುಗಿದ ಮೇಲಿನ ಸಂವಾದಕ್ಕೆ ಹದಿನೈದು ಮಂದಿ. ಈ ಲೆಕ್ಕ ಹೇಗೆ ಎಂದು ಹೊಸಬರು ಕೇಳುತ್ತಾರೆ. ಮೂವರು ಸರಿಯಾಗಿ ಚಿತ್ರ ಮುಗಿಯುವ ಹೊತ್ತಿಗೆ ಬಂದು ಕೂರುತ್ತಾರೆ. ನೋಡದೇ ಇದ್ದರೆ ಅಭಿಪ್ರಾಯ ಶುದ್ಧವಾಗಿರುತ್ತದೆ ಎಂದು ಅವರ ನಂಬಿಕೆ. ಕಾರ್ಯದರ್ಶಿಯಾದ ನಾನು ಅದನ್ನು ಅಲ್ಲಗಳೆಯಲು ಹೋಗಿಲ್ಲ.

ಜನವರಿಯ ಆ ಭಾನುವಾರ ನೋಡುವವರ ಸಂಖ್ಯೆ ಇಪ್ಪತ್ತಕ್ಕೆ ಏರಿತ್ತು. ಮಣಿಪಾಲದಲ್ಲಿ ವಿನ್ಯಾಸ ಕಲಿಯುತ್ತಿರುವ ಕಾಪುವಿನ ಹುಡುಗಿ ಕಾವ್ಯ ಮಾಡಿದ ಆರೂವರೆ ನಿಮಿಷದ ಅನಿಮೇಷನ್ ಚಿತ್ರ ಅಂದಿನ ಕಾರ್ಯಕ್ರಮ. ಅದರಲ್ಲಿ ಮನುಷ್ಯರಿಲ್ಲ, ಪ್ರಾಣಿಗಳಿಲ್ಲ, ಕತೆಯಿಲ್ಲ. ಗೆರೆ, ಬಣ್ಣ, ಅದರ ಜೊತೆ ಒಂದು ಸ್ಯಾಕ್ಸೊಫೋನು. ಕರಪತ್ರ ಅಚ್ಚಾಗುವಾಗ ಚಿತ್ರದ ಹೆಸರೇನೆಂದು ಕೇಳಿದೆ. "ಹೆಸರು ಇಟ್ಟಿಲ್ಲ ಸರ್" ಅಂದಳು. ನಮ್ಮ ಅಧ್ಯಕ್ಷ ತಾರಾನಾಥರು ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕರು. "ಹೆಸರಿಲ್ಲ" ಎಂದೇ ಹಾಕಿಸಿ, ಇಷ್ಟು ಆಳವಾದ ಶೀರ್ಷಿಕೆಯನ್ನು ತಾವು ಈಚೆಗೆ ಕಂಡಿಲ್ಲ ಎಂದರು.

ಸ್ಯಾಕ್ಸೊಫೋನು ನುಡಿಸಿದವರು ಕಾರ್ಕಳದ ಬೂಬ ಶೇರಿಗಾರರು. ದೇವಸ್ಥಾನಗಳಲ್ಲಿಯೂ ಮದುವೆ ಮಂಟಪಗಳಲ್ಲಿಯೂ ನಲವತ್ತು ವರ್ಷ ಊದಿದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ, ಮುಹೂರ್ತ ಇನ್ನೂ ಬಂದಿಲ್ಲ ಎಂಬಂತೆ ಕೂತಿದ್ದರು. ಕೊನೆಯ ಸಾಲಿನಲ್ಲಿ ಕಾವ್ಯಳ ತಂದೆ ಕಿಟ್ಟಣ್ಣ. ಮೂವತ್ತೆಂಟು ವರ್ಷ ಕಡಲಿಗೆ ಹೋದವರು, ಅದರಲ್ಲಿ ಇಪ್ಪತ್ತು ವರ್ಷ ಬೋಟು ನಡೆಸುವ ತಂಡೇಲ. ಮೊಣಕಾಲು ಕೈಕೊಟ್ಟ ಮೇಲೆ ಬೋಟು ಮಗ ರೂಪೇಶನ ಕೈಗೆ ಹೋಗಿತ್ತು. ಮಗಳ ಸಿನೆಮಾ ನೋಡಲೆಂದು ಕಾಪುವಿನಿಂದ ಬಸ್ಸಿನಲ್ಲಿ ಬಂದಿದ್ದರು. "ನಮಗೆ ಇದೆಲ್ಲ ಅರ್ಥ ಆಗುದಿಲ್ಲ ಮಾರಾಯ್ರೆ" ಎಂದು ಬಾಗಿಲಲ್ಲೇ ನನಗೆ ಹೇಳಿಟ್ಟರು. ನಮಗೂ ಆಗುವುದಿಲ್ಲ, ನಾವು ಅದನ್ನು ಸಂವಾದದಲ್ಲಿ ಹೇಳುತ್ತೇವೆ ಅಷ್ಟೆ ಅಂದೆ. ಅವರು ನಗಲಿಲ್ಲ. ಕಿಟಕಿಯ ಆಚೆ ನೋಡುತ್ತಿದ್ದರು. ಮಧ್ಯಾಹ್ನದಿಂದ ಪಡುವಣದ ಕಡೆ ಅಕಾಲದ ಮೋಡ ಕಟ್ಟಿ, ಬೆಳಕು ಹಳೆಯ ಪಾತ್ರೆಯ ಬಣ್ಣಕ್ಕೆ ತಿರುಗಿತ್ತು.

ನಾಲ್ಕು ಗಂಟೆಗೆ ದೀಪ ಆರಿಸಿದೆವು.

ಇಂಥ ಚಿತ್ರಗಳನ್ನು ನೋಡುವುದಕ್ಕೆ ಒಂದು ಅಭ್ಯಾಸ ಬೇಕು. ಮೊದಲ ಎರಡು ನಿಮಿಷ ಮನಸ್ಸು ಗಡಿಬಿಡಿಯಿಂದ ಹೋಲಿಕೆ ಹುಡುಕುತ್ತದೆ: ಇದು ಮೋಡ, ಇದು ಹಾವು, ಇದು ನಮ್ಮ ಮಾವ. ಸಿಗದೇ ಸುಸ್ತಾದ ಮೇಲೆಯೇ ಕಣ್ಣು ತನ್ನ ಕೆಲಸ ಶುರುಮಾಡುವುದು. ಕಪ್ಪು ಪರದೆಯ ಮೇಲೆ ಬಲದಿಂದ ಎಡಕ್ಕೆ ಒಂದು ಹಸಿರು ಗೆರೆ ನಿಧಾನ ಸರಿಯುತ್ತಿತ್ತು. ಅದರ ಮೇಲೆ ಹಳದಿ ಪುಡಿ ಏಳುವುದು, ಕೂರುವುದು. ನಡುವೆ ಕೆಂಪು ಗಂಟುಗಳು ತೇಲಿ ಬಂದು, ತಮ್ಮಷ್ಟಕ್ಕೆ ಬಿಚ್ಚಿಕೊಂಡು ಹೋಗುವವು. ಶೇರಿಗಾರರ ಸ್ಯಾಕ್ಸೊಫೋನು ತೀರಾ ಕೆಳಗಿನ ಸ್ವರದಲ್ಲಿ, ಉಸಿರಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ಗೆರೆಯ ಜೊತೆಗೇ ನಡೆಯುತ್ತಿತ್ತು. ಗೆರೆ ಮಲಗಿದ ದನದ ಬೆನ್ನಿನ ಹಾಗೆ ಉಬ್ಬಿದರೆ ಸ್ವರವೂ ಉಬ್ಬುವುದು.

ನಾಲ್ಕನೆಯ ನಿಮಿಷಕ್ಕೆ ಅದರ ಕೆಳಗೆ ಇನ್ನೊಂದು ಗೆರೆ ಮೂಡಿತು. ಮೊದಲಿನದೇ ಆಕಾರ, ಆದರೆ ಉಬ್ಬು ತಗ್ಗುಗಳೆಲ್ಲ ಎರಡು ಪಟ್ಟು. ಮೇಲಿನದು ಸಣ್ಣಗೆ ಎದ್ದರೆ ಕೆಳಗಿನದು ನಿಗುರಿ ಏಳುತ್ತಿತ್ತು. ಆಗ ಸ್ಯಾಕ್ಸೊಫೋನು ಒಂದು ಕ್ಷಣ ತಡವರಿಸಿ, ಮೊದಲ ಗೆರೆಯ ಕೈಬಿಟ್ಟು ಕೆಳಗಿಳಿದು ಎರಡನೆಯದನ್ನು ಹಿಡಿಯಿತು. ನನ್ನ ಕುತ್ತಿಗೆಯ ಹಿಂದೆ ತಣ್ಣಗಾಯಿತು. ಯಾವುದೋ ಮನೆಯೊಳಗೆ ಯಾರೂ ಇಲ್ಲ ಎಂದುಕೊಂಡು ಮಾತಾಡುತ್ತಿರುವಾಗ ಒಳಗಿನಿಂದ ಕೆಮ್ಮು ಕೇಳಿದ ಹಾಗೆ.

ದೀಪ ಹತ್ತಿತು. ಚಪ್ಪಾಳೆಯೂ ಆಯಿತು.

ತಾರಾನಾಥರು ಎದ್ದು, ಎರಡನೆಯ ಗೆರೆಯೇ ಈ ಕೃತಿಯ ಜೀವ ಎಂದರು. ಜೀವಾತ್ಮ, ಪರಮಾತ್ಮ ಎರಡನ್ನೂ ತಂದು ಎರಡು ಗೆರೆಗಳಿಗೂ ಹಂಚಿದರು. ನಿವೃತ್ತ ನರ್ಸ್ ಗುಣವತಿ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿ, "ನನಗೆ ಸ್ಕ್ಯಾನಿಂಗ್ ನೋಡಿದ ಹಾಗಾಯಿತು. ಅವಳಿ ಜವಳಿ ಅಂತ ಗ್ರಹಿಸಿದೆ" ಅಂದರು. ಆಗಷ್ಟೇ ಬಂದು ಕೂತ ಮೂವರಲ್ಲಿ ಒಬ್ಬರು, ಎರಡನೆಯ ಗೆರೆ ಇನ್ನೂ ಸ್ವಲ್ಪ ಮೊದಲೇ ಬರಬೇಕಿತ್ತು ಎಂದು ಅಭಿಪ್ರಾಯಪಟ್ಟರು.

ಹಿಂದಿನಿಂದ ಕಿಟ್ಟಣ್ಣನ ಸ್ವರ ಬಂತು. "ಇದು ಎಲ್ಲಿಯದ್ದು?"

ನಾಲ್ಕೈದು ಮಂದಿ ನಕ್ಕರು. ತಾರಾನಾಥರು ಮೃದುವಾಗಿ, "ಅಮೂರ್ತ ಕಲೆ ಎಲ್ಲಿಯದ್ದೂ ಆಗಿರುವುದಿಲ್ಲ ಕಿಟ್ಟಣ್ಣ. ಎಲ್ಲ ಕಡೆಯದ್ದೂ ಆಗಿರುತ್ತದೆ" ಎಂದರು.

"ಹಾಗಲ್ಲ. ಈ ನೆಲ ಎಲ್ಲಿಯದ್ದು ಅಂತ ಕೇಳಿದ್ದು. ಕಾವ್ಯಾ, ಇದು ನಮ್ಮ ಬೋಟಿನ ಫಿಶ್ ಫೈಂಡರ್ ಅಲ್ವಾ?"

ಕಾವ್ಯ ನಾಚಿಕೊಂಡಳು. ಫಿಶ್ ಫೈಂಡರ್ ಎಂದರೆ ಬೋಟಿನ ಅಡಿಯಿಂದ ಸದ್ದು ಕಳಿಸಿ, ಅದು ನೆಲಕ್ಕೆ ತಾಗಿ ಮರಳುವುದನ್ನು ಗೆರೆ ಮಾಡಿ ತೋರಿಸುವ ಯಂತ್ರ. ಹೌದು, ತಿಂಗಳ ಹಿಂದೆ ಅಣ್ಣನ ಜೊತೆ ಬೋಟಿನಲ್ಲಿ ಹೋಗಿ ಅದರ ಪರದೆಯನ್ನು ಫೋನಿನಲ್ಲಿ ಹಿಡಿದಿದ್ದಳು. ಮೂಲೆಯ ಅಂಕಿಗಳನ್ನು ಕತ್ತರಿಸಿ, ಬಣ್ಣ ಬದಲಿಸಿ, ಚೌಕಟ್ಟು ಚೌಕಟ್ಟಾಗಿ ಮೇಲೆ ಬಿಡಿಸಿದ್ದಳು. "ಜಾಗ ಎಲ್ಲಿ ಅಂತ ಹೇಳಬಾರದು ಅಂದಿದ್ದಾನೆ ಅಣ್ಣ. ಅವನ ಹೊಸ ದಾರಿ ಅಂತೆ."

"ಇನ್ನೊಮ್ಮೆ ಹಾಕು."

ನಮ್ಮ ಕೂಟದ ಇತಿಹಾಸದಲ್ಲಿ ಯಾವ ಚಿತ್ರವನ್ನೂ ಎರಡನೆಯ ಸಲ ಹಾಕಿ ಎಂದು ಯಾರೂ ಕೇಳಿದ್ದಿಲ್ಲ. ಕಿಟ್ಟಣ್ಣ ಕುಂಟುತ್ತ ಮುಂದೆ ಬಂದು ಪರದೆಯ ಪಕ್ಕದಲ್ಲೇ ನಿಂತರು.

ಈ ಸಲ ನಾವು ಬೇರೆ ಚಿತ್ರ ನೋಡಿದೆವು. "ಈ ಹಳದಿ ಎಲ್ಲ ಕೆಸರು. ಈ ಕೆಂಪು ಮೀನು, ಬಂಗುಡೆ ಇರಬೇಕು, ಗುಂಪು ಕಟ್ಟಿದ್ದು ನೋಡಿ" ಎನ್ನುತ್ತ ಅವರ ಬೆರಳಿನ ನೆರಳು ಗೆರೆಯ ಮೇಲೆ ನಡೆಯಿತು. "ಇಲ್ಲಿ ನೆಲ ಗಟ್ಟಿ ಆಯ್ತು. ಒಂದು ಗುಡ್ಡೆ. ಮತ್ತೆ ತಗ್ಗು. ಇನ್ನೊಂದು ಗುಡ್ಡೆ, ಅದಕ್ಕೆ ಮೂಗು ಉಂಟು." ಬೆರಳು ನಿಂತಿತು. ಅವರ ಸ್ವರ ಸಣ್ಣದಾಯಿತು. "ಇದು ಕುರುಡು ಕಲ್ಲು."

ಕಾಪುವಿನ ಆಚೆ, ನೀರಿನ ಮೇಲೆ ಎಂದೂ ತಲೆ ತೋರಿಸದ ಬಂಡೆ ಅದು. ಹಳಬರು ದೀಪಸ್ತಂಭವನ್ನೂ ಒಳನಾಡಿನ ಒಂದು ಗುಡ್ಡವನ್ನೂ ಕಣ್ಣಳತೆಯಲ್ಲಿ ಒಂದೇ ಸಾಲಿಗೆ ತಂದು, ಆ ಸಾಲಿನಿಂದ ದೂರ ಸರಿದೇ ಬೋಟು ಬಿಡುತ್ತಿದ್ದರು. "ಅದನ್ನು ಸುತ್ತಿ ಬರ್ಲಿಕ್ಕೆ ಅರ್ಧ ಗಂಟೆ ಹೆಚ್ಚು. ಈ ಪೋಕರಿ ಅದರ ಮೇಲಿಂದಲೇ ಬರ್ತಾ ಇದ್ದಾನೆ."

"ಅಲ್ಲಿ ನೀರು ಬೇಕಾದಷ್ಟು ಉಂಟು ಅಪ್ಪ" ಕಾವ್ಯ ಅಂದಳು. "ನಾನೇ ನೋಡಿದ್ದೆ. ಮೂಲೆಯಲ್ಲಿ ಅಂಕಿ ಬರ್ತಿತ್ತು. ಮಿಷಿನ್ ಏಳು ಮಾರಿಗಿಂತ ಕಡಿಮೆ ತೋರಿಸಲೇ ಇಲ್ಲ."

"ಆ ಮೂಗಿನ ಮೇಲೆ ಇಳಿತದಲ್ಲಿ ನಾನು ಬಿದಿರು ಗಳ ಊರಿದ್ದೇನೆ ಮಗಾ. ಏಳು ಎಲ್ಲಿಂದ ಬಂತು?"

ಮಾರು ಎಂದರೆ ಚಾಚಿದ ಎರಡು ಕೈಗಳ ಅಳತೆ. ಅದು ತಾರಾನಾಥರಿಗೂ ಗೊತ್ತಿತ್ತು. ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ಎರಡನೆಯ ಗೆರೆ ಮೂಡಿತು, ಸ್ಯಾಕ್ಸೊಫೋನು ತಡವರಿಸಿತು, ಕೆಳಗಿಳಿಯಿತು.

"ನಿಲ್ಲಿಸು" ಎಂದರು ಕಿಟ್ಟಣ್ಣ. ಶೇರಿಗಾರರ ಕಡೆ ತಿರುಗಿದರು. "ಶೇರಿಗಾರರೇ, ಇಲ್ಲಿ ನೀವು ಮೇಲಿನದನ್ನು ಬಿಟ್ಟು ಕೆಳಗಿನದನ್ನು ಹಿಡಿದಿರಿ. ಯಾಕೆ? ಪರದೆಯಲ್ಲಿ ಎರಡೂ ಒಂದೇ ದಪ್ಪ ಉಂಟಲ್ಲ."

ಶೇರಿಗಾರರಿಗೆ ಇದು ತಮ್ಮ ಸಂಗೀತದ ಮೇಲಿನ ಆಕ್ಷೇಪ ಎನಿಸಿತು. "ನಾನು ಈ ಬಣ್ಣದ್ದು ನೋಡಿ ಊದಿದ್ದಲ್ಲ. ಮೊದಲಿನ ವಿಡಿಯೋ ಉಂಟಲ್ಲ, ಹಾಗೇ ಹಸಿ ಹಸಿ, ಅದನ್ನು ನೋಡಿಕೊಂಡು ಒಂದೇ ಉಸಿರಿಗೆ ಊದಿದ್ದು. ಅದರಲ್ಲಿ ಮೇಲಿನ ಗೆರೆ ಸಪೂರ ಆಗಿ ಆಗಿ ಕಾಣದೇ ಹೋಯ್ತು. ಕೆಳಗಿನದು ಗಟ್ಟಿ ಇತ್ತು. ಗಟ್ಟಿ ಇದ್ದದ್ದನ್ನು ಹಿಡಿದೆ. ತಪ್ಪುಂಟಾ?"

"ನಿಮ್ಮದು ತಪ್ಪಿಲ್ಲ. ಮಿಷಿನ್ ಕೂಡ ನಿಮ್ಮ ಹಾಗೇ ಮಾಡಿದೆ." ಕಿಟ್ಟಣ್ಣ ಹತ್ತಿರದ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಮೇಲಿನದು ನೆಲ. ಕೆಳಗಿನದು ನೆಲ ಅಲ್ಲ. ಸದ್ದು ನೆಲಕ್ಕೆ ತಾಗಿ, ಬೋಟಿನ ಅಡಿಗೆ ಬಂದು, ಪುನಃ ಕೆಳಗೆ ಹೋಗಿ ಬಂದದ್ದು. ಎರಡು ಸಲ ತಿರುಗಿದ್ದಕ್ಕೆ ಎರಡು ಪಟ್ಟು. ಮಿಷಿನ್ ಏಳು ಅಂದರೆ ಅಲ್ಲಿ ಇರುವುದು ಮೂರೂವರೆ. ಅದೂ ಭರತದಲ್ಲಿ, ನೀರು ಏರಿದಾಗ. ಆದರೆ ಮೇಲಿನ ಗೆರೆ ಯಾಕೆ ಹೋಯ್ತು? ಹಾಗೆ ಹೋಗುದಿಲ್ಲ."

ಕಾವ್ಯ ಪರದೆಯ ಕಡೆಯಿಂದ ಅಪ್ಪನ ಕಡೆ ತಿರುಗಿದಳು.

"ನಾನು ಮೆನುವಿನಲ್ಲಿ ಸ್ವಲ್ಪ ಬದಲಿಸಿದ್ದೆ" ಎಂದಳು. "ಬಣ್ಣ ಚಪ್ಪೆ ಇತ್ತು ಅಪ್ಪ. ಸೆನ್ಸಿಟಿವಿಟಿ ಪೂರ್ತಿ ಏರಿಸಿದೆ. ಮೇಲ್ಗಡೆ ಎಲ್ಲ ಕಸದ ಹಾಗೆ ಕಾಣ್ತಿತ್ತು, ಅದನ್ನು ಅಳಿಸುವ ಒಂದು ಬಟನ್ ಉಂಟು, ಅದನ್ನೂ ಪೂರ್ತಿ ಇಟ್ಟೆ. ಆಗ ಕೆಳಗಿನ ಗೆರೆ ಬಂತು. ಅಷ್ಟು ಚೆಂದ ಇತ್ತು. ಮೇಲಿನದು ಸಪೂರ ಆದದ್ದಕ್ಕೆ ಮನೆಯಲ್ಲಿ ನಾನೇ ಬಣ್ಣ ತುಂಬಿಸಿದೆ."

"ಮತ್ತೆ ಮೊದಲಿನ ಹಾಗೆ ಇಟ್ಟೆಯಾ?"

"ಇಡ್ಲಿಕ್ಕೆ ಹೋದೆ. ಅಣ್ಣ ಬೇಡ ಅಂದ. ಈಗ ಟೀವಿ ಹಾಗೆ ಕಾಣ್ತದೆ, ಇರಲಿ ಅಂದ."

ಆಳದ ನೀರಿನಲ್ಲಿ ಆ ಯಂತ್ರ ಸತ್ಯವನ್ನೇ ಹೇಳುತ್ತಿತ್ತು, ಹಾಗಾಗಿ ಒಂದು ತಿಂಗಳಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಆಳ ಕಡಿಮೆಯಾದಾಗ ಮಾತ್ರ, ಎಂದರೆ ಸತ್ಯ ಬೇಕಾದಾಗ ಮಾತ್ರ, ಅದು ಸುಳ್ಳು ಹೇಳುತ್ತಿತ್ತು. ರೂಪೇಶ ದಿನಾ ಬೆಳಗ್ಗೆ ಹೋಗಿ ನೀರು ಏರಿದ ಹೊತ್ತಿಗೆ ಬರುತ್ತಿದ್ದ, ಕಲ್ಲಿನ ಮೇಲಿಂದ ಸಲೀಸಾಗಿ ದಾಟುತ್ತಿದ್ದ. ಅಂದು ಬೆಳಗ್ಗೆ ಬಂಧುಗಳ ಮನೆಯ ಪೂಜೆ ಮುಗಿಸಿ ತಡವಾಗಿ ಹೊರಟಿದ್ದ. ಅಂದು ಅಮಾವಾಸ್ಯೆ. ಐದೂವರೆಗೆ ನೀರು ತಿಂಗಳಲ್ಲೇ ಅತಿ ಕೆಳಗೆ ಇಳಿಯುತ್ತದೆ ಎಂದರು ಕಿಟ್ಟಣ್ಣ, ಗೋಡೆಯ ಗಡಿಯಾರ ನೋಡದೆ. ನಾನು ನೋಡಿದೆ. ನಾಲ್ಕೂ ಮುಕ್ಕಾಲು.

ಕಾವ್ಯ ಫೋನು ಮಾಡಿದಳು. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಣ್ಣು ಸ್ವರ ಬಹಳ ಸಭ್ಯವಾಗಿ ತಿಳಿಸಿತು. ಬೋಟಿನ ವೈರ್‌ಲೆಸ್ ಸೆಟ್ ವಾರದಿಂದ ರಿಪೇರಿ ಅಂಗಡಿಯಲ್ಲಿತ್ತು. ನಾನು ಕರಾವಳಿ ಕಾವಲಿನವರಿಗೆ ಕರೆ ಮಾಡಿದೆ. ಅವರು ಕೇಳಿದ್ದಕ್ಕೆಲ್ಲ ಕಿಟ್ಟಣ್ಣ ಉತ್ತರ ಹೇಳಿದರು. ಈಗಲೇ ಹೊರಡುತ್ತೇವೆ, ಅಲ್ಲಿಗೆ ಮುಟ್ಟಲು ಒಂದು ಗಂಟೆ ಎಂದರು ಕಾವಲಿನವರು.

"ಮಾಡ್ತಾ ಇರು" ಎಂದು ಗುಣವತಿ ಕಾವ್ಯಳ ಬೆನ್ನ ಮೇಲೆ ಕೈ ಇಟ್ಟರು. "ಸಿಗ್ತಾನೆ."

"ಸಿಗದಿದ್ದರೆ ಒಳ್ಳೆದು ಅಮ್ಮ" ಎಂದರು ಕಿಟ್ಟಣ್ಣ. "ಸಿಗದಿದ್ದರೆ ಅವನು ಇನ್ನೂ ಹೊರಗೆ ಇದ್ದಾನೆ. ಫೋನಿಗೆ ಸಿಗ್ನಲ್ ಬರುವುದು ಆ ಕಲ್ಲಿನ ಹತ್ತಿರವೇ."

ಇಪ್ಪತ್ತಮೂರು ಮಂದಿ ಒಂದು ಫೋನನ್ನು ನೋಡುತ್ತ ಕೂತೆವು. ಪರದೆಯ ಮೇಲೆ ಚಿತ್ರ ನಿಲ್ಲಿಸಿದಲ್ಲೇ ನಿಂತಿತ್ತು, ಒಂದರ ಕೆಳಗೊಂದು ಎರಡು ಗೆರೆ. ಅದನ್ನು ಆರಿಸಬೇಕು ಎಂದು ನನಗೆ ಅನಿಸಿತು, ಏಳಲು ಆಗಲಿಲ್ಲ. ಸಭ್ಯವಾದ ಹೆಣ್ಣು ಸ್ವರ ಮತ್ತೆ ಹೇಳಿತು. ಮತ್ತೆ ಹೇಳಿತು. ಹೊರಗೆ ಬೆಳಕು ಇನ್ನೊಂದು ಮೆಟ್ಟಿಲು ಇಳಿಯಿತು. ಒಂಬತ್ತನೆಯ ಸಲವೋ ಹತ್ತನೆಯ ಸಲವೋ ಆ ಸ್ವರ ಬರಲಿಲ್ಲ. ಫೋನು ರಿಂಗಾಯಿತು.

"ಅಬ್ಬ!" ಎಂದರು ತಾರಾನಾಥರು. ಕಿಟ್ಟಣ್ಣ ಕುರ್ಚಿಯಲ್ಲಿ ಕುಸಿದರು.

ತಂದೆ ಮಗ ಆಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾವ್ಯ ಸ್ಪೀಕರ್ ಹಾಕಿದ್ದಳು.

"ಎಂತ ಕಾವ್ಯಾ, ಮುಗೀತಾ ನಿನ್ನ ಸಿನೆಮಾ? ನನ್ನ ಮಿಷಿನಿಗೆ ಚಪ್ಪಾಳೆ ಬಿತ್ತಾ?"

"ಎಂಜಿನ್ ನ್ಯೂಟ್ರಲ್ ಮಾಡು" ಎಂದರು ಕಿಟ್ಟಣ್ಣ.

"ಅಪ್ಪನಾ? ಎಂತಕ್ಕೆ?"

"ಮಾಡು ಅಂದೆ."

ಎಂಜಿನಿನ ಸದ್ದು ಇಳಿಯಿತು. ಅದರ ಅಡಿಯಿಂದ ನೀರಿನ ಸದ್ದು ಎದ್ದು ಬಂತು.

"ಮಿಷಿನ್ ಎಷ್ಟು ತೋರಿಸ್ತದೆ?"

"ಐದು. ಐದು ಮಾರು ಉಂಟು ಅಪ್ಪ, ನಮ್ಮ ಬೋಟಿಗೆ ಒಂದು ಸಾಕು. ಕುರುಡು ಕಲ್ಲು ಅಂತ ಹೆದರಿಸ್ಲಿಕ್ಕೆ ಫೋನ್ ಮಾಡಿದ್ದಾ? ಅದೆಲ್ಲ ಅಜ್ಜಂದಿರ ಕತೆ."

"ಹಗ್ಗಕ್ಕೆ ಬಲೆಯ ಸೀಸದ ಗುಂಡು ಕಟ್ಟಿ ಇಳಿಸು. ಮಾರು ಹಾಕಿ ಲೆಕ್ಕ ಹೇಳು."

"ಅಯ್ಯೋ, ಬೋಟಿನವರು ನೋಡಿ ನಗಾಡ್ತಾರೆ..."

"ನಗಾಡಲಿ. ಇಳಿಸು."

ಯಾರೋ ಏನೋ ಅಂದದ್ದು, ಯಾರೋ ನಕ್ಕದ್ದು ಕೇಳಿಸಿತು. ಆಮೇಲೆ ರೂಪೇಶನ ಸ್ವರ, ಶಾಲೆಯ ಮಗ್ಗಿಯ ರಾಗದಲ್ಲಿ: "ಒಂದು ಮಾರು. ಎರಡು ಮಾರು..." ನಿಂತಿತು. ನೀರು ಬೋಟಿನ ಬದಿಗೆ ಬಡಿಯಿತು. "ಅಪ್ಪಾ. ಹಗ್ಗ ಸಡಿಲ ಆಯ್ತು."

"ಅಲೆ ಇಳಿದಾಗ ಎಷ್ಟು?"

"ಒಂದೂವರೆ ಇಲ್ಲ." ಈಗ ಅಲ್ಲಿ ಯಾರೂ ನಗುತ್ತಿರಲಿಲ್ಲ. "ಎಷ್ಟು ಗುಡ್ಡೆ ದಾಟಿದ್ದೇನೆ ಗೊತ್ತಿಲ್ಲ. ಜಿಪಿಎಸ್ ದಾರಿ ತೋರಿಸ್ತದೆ, ಕಲ್ಲು ತೋರಿಸುದಿಲ್ಲ. ಮೋಡದಲ್ಲಿ ದೀಪಸ್ತಂಭವೂ ಕಾಣುದಿಲ್ಲ. ಯಾವ ಬದಿಗೆ ಹೋಗ್ಲಿ?"

ಕಿಟ್ಟಣ್ಣ ತಲೆ ಎತ್ತಿ ಪರದೆ ನೋಡಿದರು. ನಾವೂ ನೋಡಿದೆವು. ಅಷ್ಟು ಮಂದಿ ಅಷ್ಟು ಆಸೆಯಿಂದ ಒಂದು ಗೆರೆಯನ್ನು ನೋಡಿದ್ದನ್ನು ನಾನು ಕಂಡಿಲ್ಲ. ಅದರಲ್ಲಿ ಬಂದ ದಾರಿ ಇತ್ತು, ಹೋಗುವ ದಾರಿ ಇತ್ತು. ಎಡವೂ ಇರಲಿಲ್ಲ, ಬಲವೂ ಇರಲಿಲ್ಲ.

ಅವರು ಕಣ್ಣು ಮುಚ್ಚಿಕೊಂಡರು. ತುಟಿ ಅಲುಗಿತು. "ಒಂದೂವರೆ ಅಂದರೆ ಮೊದಲ ಗುಡ್ಡೆ ದಾಟಿ ತಗ್ಗಿನ ಅಂಚಿನಲ್ಲಿ ಇರ್ತೀ. ಆ ತಗ್ಗು ಪಡುವಕ್ಕೆ ತೆರೀತದೆ. ಪಡುವಕ್ಕೆ ತಿರುಗಿಸು. ನಿಧಾನ. ಸೀಸ ಎತ್ತಬೇಡ, ಹೇಳ್ತಾ ಇರು."

"ಒಂದೂವರೆ... ಒಂದು..." ಏನೋ ಕೆರೆದ ಸದ್ದು. ಬೋಟಿನಲ್ಲಿ ಒಬ್ಬ ದೇವರನ್ನು ಕರೆದ. ಕಾವ್ಯ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. "ತಾಗಿತು, ಆದರೆ ಹೋಗ್ತಾ ಉಂಟು. ಎರಡು. ಎರಡು. ಎರಡೂವರೆ. ಮೂರು. ಅಪ್ಪಾ, ನಾಲ್ಕು. ನಾಲ್ಕಕ್ಕೂ ನೆಲ ಸಿಗುದಿಲ್ಲ!"

ತಾರಾನಾಥರು ಚಪ್ಪಾಳೆ ತಟ್ಟಿದರು. ಅವರಿಗೆ ಗೊತ್ತಿದ್ದ ರೀತಿ ಅದೊಂದೇ. ಗುಣವತಿ ಅಳತೊಡಗಿದರು. ಕಾವ್ಯ ನೆಲದ ಮೇಲೆ ಕೂತಳು. ಫೋನಿನಲ್ಲಿ ರೂಪೇಶನ ಏದುಸಿರು ಕೇಳುತ್ತಿತ್ತು. ಅದು ಇಳಿಯಬೇಕಿತ್ತು, ಇಳಿಯಲಿಲ್ಲ.

"ಅಪ್ಪಾ, ಪ್ರವೀಣನ ಬೋಟು ಹಿಂದೆ ಬರ್ತಾ ಉಂಟು."

"ಯಾವ ದಾರಿಯಲ್ಲಿ?"

"ಇದೇ. ದಾರಿ ನಾನೇ ಅವನ ಜಿಪಿಎಸ್‌ಗೆ ಹಾಕಿಕೊಟ್ಟದ್ದು."

"ಅವನ ಮಿಷಿನ್ ಸರಿ ಉಂಟಲ್ಲ?"

"ನನ್ನ ಮಿಷಿನಿನ ಬಣ್ಣ ನೋಡಿ ಅವನಿಗೂ ಬೇಕು ಅಂದ. ಕಾವ್ಯ ಮಾಡಿದ ಹಾಗೇ ಮಾಡಿಕೊಟ್ಟೆ."

ಕಾವ್ಯ ತಲೆ ಎತ್ತಿದಳು. "ಅಣ್ಣ, ಮತ್ತೆ ಯಾರಿಗೆಲ್ಲ ಮಾಡಿಕೊಟ್ಟಿದ್ದೀ?"

ಅವನು ಹೇಳತೊಡಗಿದ. ಲಿಯೋನೆಲ್‌ನ ಬೋಟು. ಅಕ್ಷಿತ್‌ನದ್ದು. ಅಪ್ಪಿಯಣ್ಣನ ಅಳಿಯನದ್ದು. ಅವಳು ನಮ್ಮ ಕರಪತ್ರದ ಬೆನ್ನ ಮೇಲೆ ಒಂದೊಂದೇ ಹೆಸರು ಬರೆದುಕೊಂಡಳು. ಏಳಾದ ಮೇಲೆ ಅವನು, ಇನ್ನೂ ಇಬ್ಬರು ಇದ್ದರು, ನೆನಪಾಗುತ್ತಿಲ್ಲ ಎಂದ. ಅವರಲ್ಲಿ ಯಾರು ಇವತ್ತು ಕಡಲಿಗೆ ಹೋಗಿದ್ದಾರೋ ಅದೂ ಗೊತ್ತಿಲ್ಲ ಎಂದ. ಗುಣವತಿ ತಮ್ಮ ಫೋನು ತೆಗೆದರು, ನಾನೂ ತೆಗೆದೆ. ಮೊದಲು ಕಾವ್ಯ ಹೇಳಿದ ಪ್ರವೀಣನ ನಂಬರು ಒತ್ತಿದೆ. ಅವನು ವ್ಯಾಪ್ತಿ ಪ್ರದೇಶದ ಹೊರಗಿದ್ದ.

"ಅವನ ಬೋಟಿಗೆ ಎಷ್ಟು ನೀರು ಬೇಕು?" ಕಿಟ್ಟಣ್ಣ ಕೇಳಿದರು.

"ಒಂದೂವರೆ ಮಾರು."

ಕಿಟ್ಟಣ್ಣ ಗಡಿಯಾರ ನೋಡಿದ್ದು ಆಗಲೇ. ಐದು ಗಂಟೆ ಹತ್ತು ನಿಮಿಷ. ನೀರು ಇನ್ನೂ ಇಳಿಯುವುದಿತ್ತು.

"ನೀನು ಮನೆಗೆ ಬರಬೇಡ" ಎಂದರು ಮಗನಿಗೆ. ಸ್ವರದಲ್ಲಿ ಏನೂ ಇರಲಿಲ್ಲ. "ಕಲ್ಲಿನ ಪಡು ಬದಿಯಲ್ಲೇ ಲಂಗರು ಬಿಡು. ಇದ್ದ ಲೈಟೆಲ್ಲ ಹಾಕು. ಹಾರ್ನ್ ನಿಲ್ಲಿಸಬೇಡ. ಬರುವವರೆಲ್ಲ ನಿನ್ನನ್ನು ನೋಡಿ ತಿರುಗಬೇಕು."

"ಮೋಡ ನೀರಿನ ಮೇಲೆಯೇ ಇಳಿದಿದೆ ಅಪ್ಪ. ನನಗೆ ನನ್ನ ಬೋಟಿನ ಮೂತಿಯೇ ಕಾಣುದಿಲ್ಲ. ಅವರು ನನ್ನ ಮೇಲೆಯೇ ಬಂದರೆ?"

"ಹಾರ್ನ್ ಬಾರಿಸು."

ಹಾರ್ನ್ ಶುರುವಾಯಿತು. ಫೋನಿನ ಸಣ್ಣ ಸ್ಪೀಕರಿನಲ್ಲಿ ಅದು ಒಡೆದ ಕೊಳಲಿನ ಹಾಗೆ ಕೇಳುತ್ತಿತ್ತು. ಒಂದು ಉದ್ದ, ನಿಲುಗಡೆ, ಮತ್ತೊಂದು ಉದ್ದ. ಹಾಲಿನಲ್ಲಿ ಎಲ್ಲರೂ ಒಬ್ಬೊಬ್ಬರ ನಂಬರು ಒತ್ತುತ್ತಿದ್ದರು, ಸಭ್ಯವಾದ ಆ ಹೆಣ್ಣು ಸ್ವರ ನಾಲ್ಕೈದು ಫೋನುಗಳಿಂದ ಒಟ್ಟಿಗೇ ಬರುತ್ತಿತ್ತು.

ಬೂಬ ಶೇರಿಗಾರರು ಕೈ ಎತ್ತಿದರು. "ಎಲ್ಲರೂ ಸ್ವಲ್ಪ ಸುಮ್ಮನಿರಿ" ಎಂದು ಎದ್ದು ಬಂದು, ಮೇಜಿನ ಮೇಲಿದ್ದ ಫೋನಿಗೆ ಕಿವಿ ಹಚ್ಚಿದರು. ಹಾರ್ನಿನ ಎರಡು ಉಸಿರುಗಳ ನಡುವೆ ಅವರಿಗೆ ಏನೋ ಕೇಳಿಸುತ್ತಿತ್ತು. ನಮಗೆ ಇನ್ನೂ ಇಲ್ಲ.

"ಇನ್ನೊಂದು ಎಂಜಿನ್, ಈ ಕಡೆಗೇ ಬರ್ತಾ ಉಂಟು" ಎಂದರು. ಮತ್ತೆ ಕಿವಿ ಇಟ್ಟರು. "ಸ್ವರ ಇಳಿಯುದಿಲ್ಲ ಕಿಟ್ಟಣ್ಣ. ಏರ್ತಾ ಉಂಟು."